ಹಂಚಿನ ಮನೆಗೆ ಸೇಫ್ಟಿ ಬೆಲ್ಟ್ ತಗೊಳ್ಳುವವರು ಇದನ್ನೊಮ್ಮೆ ಓದಿ

ಮೊದಲಿಗೇ ಹೇಳಿಬಿಡ್ತೇನೆ, ಬೆಲ್ಟ್ ಒಳ್ಳೇದುಂಟು, ಆದ್ರೆ ಅದರೊಟ್ಟಿಗೆ ಬರುವ ಎರಡು ಕೊಕ್ಕೆಯ ಲ್ಯಾನ್ಯಾರ್ಡ್, ಅಂದ್ರೆ ಬೆಲ್ಟನ್ನು ಆಧಾರಕ್ಕೆ ಸಿಕ್ಕಿಸುವ ಗಿಡ್ಡ ಬಳ್ಳಿ ಉಂಟಲ್ಲ, ಅದು ನಮ್ಮ ಕಡೆಯ ಹಂಚಿನ ಮನೆಗೆ ಹೆಚ್ಚುಕಮ್ಮಿ ಉಪಯೋಗಕ್ಕೇ ಇಲ್ಲ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುದಿಲ್ಲ. ಆನ್‌ಲೈನಲ್ಲಿ ರಿವ್ಯೂ ನೋಡಿದ್ರೆ "ಗುಡ್ ಕ್ವಾಲಿಟಿ, ಫಾಸ್ಟ್ ಡೆಲಿವರಿ" ಅಂತ ಬರ್ದು ಐದು ಸ್ಟಾರ್ ಒತ್ತಿ ಹೋಗಿರ್ತಾರೆ, ಅದನ್ನು ಹಾಕಿ ಮಾಡಿಗೆ ಹತ್ತಿದವ ಒಬ್ಬನೂ ಅಲ್ಲಿ ಇದ್ದ ಹಾಗೆ ಕಾಣುದಿಲ್ಲ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತಿದ್ದೇನೆ, ಪುರುಸೊತ್ತಿದ್ದವರು ಓದಿ.

ನಮ್ದು ಬದಿಯಡ್ಕದ ಹತ್ತಿರ, ಅಜ್ಜನ ಕಾಲದ ಹಂಚಿನ ಮನೆ, ಹಿಂದಿನ ಕೊಟ್ಟಿಗೆಗೆ ಸಿಮೆಂಟ್ ಶೀಟು, ಅಡಿಕೆ ಒಣಗಿಸುವ ಜಾಗಕ್ಕೆ ಪ್ಲಾಸ್ಟಿಕ್ ಶೀಟು, ಅಂದ್ರೆ ಬೀಳ್ಲಿಕ್ಕೆ ಬೇಕಾದ ಎಲ್ಲ ನಮೂನೆಯ ಮಾಡೂ ಒಂದೇ ಕಂಪೌಂಡಲ್ಲಿ ಉಂಟು. ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲು ಹಂಚು ತಿರುಗಿಸಿ ಒಡೆದದ್ದು ಬದಲಿಸದಿದ್ರೆ ಜೂನಲ್ಲಿ ಮನೆಯೊಳಗೇ ಕೊಡೆ ಹಿಡಿಬೇಕು, ಕಾಸರಗೋಡಿನ ಮಳೆ ಗೊತ್ತಲ್ಲ, ವರ್ಷಕ್ಕೆ ಸಾಧಾರಣ 3500 ಮಿಲಿಮೀಟರ್. ಮತ್ತೆ ಮಂಗಗಳ ಉಪದ್ರ ಬೇರೆ, ಮಂಗ ಹಾರಿದ ಮರುದಿವಸ ಯಾರಾದ್ರೂ ಹತ್ತಲೇಬೇಕು. ಕೆಲಸಕ್ಕೆ ಬರುವ ಆಚಾರ್ರಿಗೆ ಪ್ರಾಯ ಆಯ್ತು, ಅವರು ಬಿದ್ರೆ ಅವರ ಮನೆಯವರಿಗೆ ಎಂತ ಉತ್ತರ ಹೇಳುದು ಅಂತ ಮನೆಯಲ್ಲಿ ಮಾತಾಗಿ ಬೆಲ್ಟ್ ತರುವ ಅಂತ ಆಯ್ತು.

ತಂದದ್ದು ಫುಲ್ ಬಾಡಿ ಹಾರ್ನೆಸ್, ಭುಜಕ್ಕೆ ಎರಡು ಪಟ್ಟಿ, ತೊಡೆಗೆ ಎರಡು, ಎದೆಗೆ ಒಂದು, ಬೆನ್ನಲ್ಲಿ ಕಬ್ಬಿಣದ ಡಿ ರಿಂಗ್. ಕಂಪೆನಿ ಹೆಸರು ಬರೀಲಿಲ್ಲ, ಯಾಕಂದ್ರೆ ಕೆಳಗೆ ಹೇಳುವ ಲೆಕ್ಕ ಯಾವ ಕಂಪೆನಿಯದ್ದಕ್ಕೂ ಒಂದೇ. ಸೊಂಟಕ್ಕೆ ಮಾತ್ರ ಕಟ್ಟುವ ಹಳೇ ನಮೂನೆಯ ಬೆಲ್ಟ್ ಕಮ್ಮಿ ಕ್ರಯಕ್ಕೆ ಈಗಲೂ ಸಿಕ್ತದೆ, ತಗೊಳ್ಳಬೇಡಿ, ಬಿದ್ದಾಗ ಇಡೀ ಮೈಯ ಭಾರ ಸೊಂಟ ಹೊಟ್ಟೆಗೇ ಬಂದು ಬೆನ್ನೆಲುಬು ಹೋಗ್ತದೆ, ಫುಲ್ ಬಾಡಿಯದ್ದಾದ್ರೆ ತೊಡೆ, ಸೊಂಟ, ಭುಜ ಎಲ್ಲದಕ್ಕೂ ಹಂಚಿ ಹೋಗ್ತದೆ. ಲೇಬಲಲ್ಲಿ ನಮ್ಮ ದೇಶದ ಗುಣಮಟ್ಟದ ನಂಬರ್ ಐಎಸ್ 3521 ಅಥವಾ ಯುರೋಪಿನ ಇಎನ್ 361 ಇರ್ಬೇಕು. ಐಎಸ್‌ಐ ಮಾರ್ಕ್ ಇದ್ರೆ ಅದರ ಕೆಳಗಿನ ಲೈಸೆನ್ಸ್ ನಂಬರನ್ನು ಮಾನಕ ಬ್ಯೂರೋದವರ ಬಿಐಎಸ್ ಕೇರ್ ಆಪಲ್ಲಿ ಹಾಕಿ ನೋಡ್ಲಿಕ್ಕೆ ಆಗ್ತದೆ, ಅಂಗಡಿಯಲ್ಲೇ ನಿಂತು ನೋಡಿ, ನಾನು ನೋಡುವಾಗ ಅಂಗಡಿಯವನಿಗೆ ಸ್ವಲ್ಪ ಸಿಟ್ಟು ಬಂತು, ಬರ್ಲಿ.

ಈಗ ಲ್ಯಾನ್ಯಾರ್ಡಿನ ಕತೆ. ಅದರಲ್ಲಿ ಕೊಕ್ಕೆಗಳ ಮತ್ತೆ ಬೆನ್ನಿನ ರಿಂಗಿನ ನಡುವೆ ಹೊಲಿದು ಮಡಚಿಟ್ಟ ಒಂದು ಪೊಟ್ಟಣ ಉಂಟು, ಅದುವೇ ಎನರ್ಜಿ ಅಬ್ಸಾರ್ಬರ್. ನೀವು ಬಿದ್ದಾಗ ಅದರ ಹೊಲಿಗೆ ಹರಿದು ಹರಿದು ಉದ್ದ ಆಗ್ತಾ ಹೋಗ್ತದೆ, ಹಾಗಾಗಿ ಮೈಗೆ ಬೀಳುವ ಎಳೆತ 6 ಕಿಲೋನ್ಯೂಟನ್ ಒಳಗೆ ನಿಲ್ತದೆ, ಅಂದ್ರೆ ಸಾಧಾರಣ 600 ಕಿಲೋ ತೂಕದಷ್ಟು. ಇದು ಇಲ್ಲದ ಬರೀ ಬಳ್ಳಿಯಲ್ಲಿ ಬಿದ್ರೆ ಎಷ್ಟೋ ಹೆಚ್ಚು ಬರ್ತದೆ. ಒಳ್ಳೇ ಉಪಾಯವೇ. ಆದ್ರೆ ಹರಿದು ಉದ್ದ ಆಗ್ಲಿಕ್ಕೆ ಅದಕ್ಕೆ ಜಾಗ ಬೇಕಲ್ಲ? ಕಾಲಿನ ಮಟ್ಟದಲ್ಲಿ ಕೊಕ್ಕೆ ಹಾಕಿದ್ರೆ ಲೆಕ್ಕ ಹೀಗೆ ಬರ್ತದೆ, ಲ್ಯಾನ್ಯಾರ್ಡಿನ ಉದ್ದ 2 ಮೀಟರ್ ವರೆಗೆ, ಪೊಟ್ಟಣ ಹರಿದು ಬರುದು ಹೆಚ್ಚಂದ್ರೆ 1.75 ಮೀಟರ್, ಬೆನ್ನಿನ ರಿಂಗಿನಿಂದ ಪಾದದವರೆಗೆ ಒಂದೂವರೆ ಮೀಟರ್, ಅದರ ಕೆಳಗೆ ಒಂದು ಮೀಟರ್ ಆದ್ರೂ ಖಾಲಿ ಇರ್ಬೇಕು. ಒಟ್ಟು 6.25 ಮೀಟರ್, ನಮ್ಮ ಲೆಕ್ಕದಲ್ಲಿ 20 ಅಡಿ ಮೇಲೆ. ನಮ್ಮ ಮಾಡಿನ ಅಂಚು ಅಂಗಳದಿಂದ ಹತ್ತಡಿ ಎತ್ತರ ಇದ್ರೆ ಹೆಚ್ಚು! ಅಂದ್ರೆ ಈ ಸಾಮಾನು ಕೆಲಸ ಮಾಡಿ ಮುಗಿಸುವ ಮೊದಲೇ ಮನುಷ್ಯ ಅಂಗಳದಲ್ಲಿ ಇರ್ತಾನೆ, ಬೆಲ್ಟ್ ಹಾಕಿಕೊಂಡೇ. ಇದು ಮಾಡಿದ್ದು ದೊಡ್ಡ ಬಿಲ್ಡಿಂಗಿನವರಿಗೆ, ಟವರ್ ಹತ್ತುವವರಿಗೆ, ಅವರಿಗೆ ಕೆಳಗೆ ಬೇಕಾದಷ್ಟು ಗಾಳಿ ಉಂಟು.

"ಹತ್ತಡಿ ಅಲ್ವಾ, ಅಷ್ಟಕ್ಕೆಲ್ಲ ಬೆಲ್ಟ್ ಎಂತಕ್ಕೆ" ಅಂತ ಭಾವ ಕೇಳಿದ. ಅಮೆರಿಕದಲ್ಲಿ ಕೆಲಸಗಾರರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಓಶಾದ ನಿಯಮದಲ್ಲಿ ಕಟ್ಟಡ ಕೆಲಸಕ್ಕೆ 6 ಅಡಿ ಮೇಲೆ ಹೋದ್ರೆ ಬೀಳದ ಹಾಗೆ ಏನಾದ್ರೂ ವ್ಯವಸ್ಥೆ ಮಾಡ್ಲೇಬೇಕು ಅಂತ ಉಂಟು. ಹತ್ತಡಿಯಿಂದ ಅಂಗಳದ ಸಿಮೆಂಟಿಗೆ ತಲೆ ಕೆಳಗಾಗಿ ಬಿದ್ರೆ ಎಂತ ಆಗ್ತದೆ ಅಂತ ಹೇಳ್ಲಿಕ್ಕೆ ಅಮೆರಿಕದವರೂ ಬೇಡ.

ಹಾಗಾದ್ರೆ ನಮಗೆ ಬೇಕಾದ್ದು ಎಂತ? ಬಿದ್ದ ಮೇಲೆ ತಡೆಯುವ ಸಾಮಾನಲ್ಲ, ಅಂಚಿನವರೆಗೆ ಜಾರಿ ಹೋಗ್ಲಿಕ್ಕೇ ಬಿಡದ ಸಾಮಾನು. ಅದು ರೋಪ್ ಗ್ರ್ಯಾಬ್ ಮತ್ತೆ ಒಂದು ಉದ್ದದ ಬಳ್ಳಿ. ಇದನ್ನು ಬೇರೆಯೇ ಕೇಳಿ ತಗೊಳ್ಳಬೇಕು, ಕಿಟ್ಟಲ್ಲಿ ಬರುದಿಲ್ಲ. ಬಳ್ಳಿಯ ಒಂದು ತುದಿಯನ್ನು ಮನೆಯ ಆಚೆ ಬದಿಯಲ್ಲಿ ಗಟ್ಟಿ ಜಾಗಕ್ಕೆ ಕಟ್ಟುದು, ಮಾಡಿನ ನೆತ್ತಿಯ ಮೇಲಿಂದ ಈಚೆ ಇಳಿಬಿಡುದು, ಆ ಬಳ್ಳಿಯ ಮೇಲೆ ರೋಪ್ ಗ್ರ್ಯಾಬ್ ಕೂರಿಸಿ ಬೆಲ್ಟಿಗೆ ಸಿಕ್ಕಿಸುದು. ಮೇಲೆ ಹೋಗುವಾಗ ಅದು ಒಟ್ಟಿಗೇ ಬರ್ತದೆ, ಜಾರಿ ಎಳೆತ ಬಿದ್ರೆ ಬಳ್ಳಿಯನ್ನು ಕಚ್ಚಿ ನಿಲ್ತದೆ. ಮಾಡಿನ ಅಂಚಿಗಿಂತ ಎರಡು ಮೂರಡಿ ಮೇಲೆಯೇ ಬಳ್ಳಿಯಲ್ಲಿ ದೊಡ್ಡ ಗಂಟು ಹಾಕಿಬಿಟ್ರೆ ಗ್ರ್ಯಾಬ್ ಆ ಗಂಟು ದಾಟಿ ಕೆಳಗೆ ಬರುದೇ ಇಲ್ಲ, ಅಂದ್ರೆ ನೀವೂ ಬರುದಿಲ್ಲ. ಅಂಚಿನ ಕೊನೇ ಸಾಲಿನ ಹಂಚಿಗೆ ಕೈ ಎಟಕುದಿಲ್ಲ ಆಗ, ಅದನ್ನು ಏಣಿಯ ಮೇಲೆ ನಿಂತು ಕೆಳಗಿಂದಲೇ ಇಟ್ರಾಯ್ತು.

ಇದು ನಿಜವಾಗಿ ಕೆಲಸ ಮಾಡಿತಾ ಅಂತ ಕೇಳಿದ್ರೆ, ಹೌದು, ಚೆಂದ ಮಾಡಿತು. ಪಾಚಿ ಹಿಡಿದ ಬಡಗು ಬದಿಯಲ್ಲಿ ಆಚಾರ್ರ ಕಾಲು ಜಾರಿತು, ಒಂದು ಮೊಳ ಜಾರಿ ಹಾಗೇ ನಿಂತ್ರು. ಅವರು ಒಂದು ಗಳಿಗೆ ಬಳ್ಳಿಯನ್ನು ನೋಡಿದ್ರು, ಮತ್ತೆ ಬೀಡಿ ಕೇಳಿದ್ರು. ಅದಕ್ಕೆ ಮೊದಲು ಅವರು ಇದಕ್ಕೆ ಒಪ್ಪಲೇ ಇಲ್ಲ, "ಇದನ್ನು ಕಟ್ಟಿಕೊಂಡ್ರೆ ನಾನು ಹಂಚು ಇಡುದಾ, ಬಳ್ಳಿ ಬಿಡಿಸುದಾ ಮಾರಾಯ್ರೆ" ಅಂತ. ಅವರು ಹೇಳಿದ್ದರಲ್ಲಿ ಅರ್ಧ ಸತ್ಯ, ಮಾಡಿನ ಉದ್ದಕ್ಕೆ ಆಚೀಚೆ ಹೋಗುವಾಗ ಪ್ರತಿ ಸಲ ಬಳ್ಳಿಯನ್ನು ಸರಿಸಬೇಕು. ಸರಿಸದೆ ಒಂದೇ ಕಡೆ ಕಟ್ಟಿದ ಬಳ್ಳಿಯಲ್ಲಿ ಹತ್ತು ಹದಿನೈದಡಿ ಬದಿಗೆ ಹೋಗಿ ಜಾರಿದ್ರೆ ಉಯ್ಯಾಲೆಯಾಗಿ ಬೀಸಿಕೊಂಡು ಹೋಗಿ ಗೋಡೆಗೋ ಕಂಬಕ್ಕೋ ಬಡಿತೀರಿ, ಬಳ್ಳಿ ಯಾವಾಗಲೂ ತಲೆಯ ನೇರಕ್ಕೇ ಇರ್ಬೇಕು. ಅವರೊಟ್ಟಿಗೆ ಬರುವ ಹುಡುಗ ಮಾತ್ರ ಒಂದು ಮಾತು ಆಡದೆ ಹಾಕಿಕೊಂಡ. ಅವ ತೆಂಗಿನ ಮರ ಹತ್ತುವ ಟ್ರೈನಿಂಗ್ ಆದವ, ತೆಂಗು ಅಭಿವೃದ್ಧಿ ಮಂಡಳಿಯವರು 2011ರಲ್ಲಿ ಶುರು ಮಾಡಿದ ಫ್ರೆಂಡ್ಸ್ ಆಫ್ ಕೋಕನಟ್ ಟ್ರೀ ಉಂಟಲ್ಲ ಅದು. ನಮ್ಮ ಕಾಸರಗೋಡಿನ ತೋಟದ ಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಚೆಂಬೇರಿ ಮಾಡೆಲಿನ ಮರ ಹತ್ತುವ ಮೆಷಿನಿಗೆ ಸೇಫ್ಟಿ ಅಟ್ಯಾಚ್‌ಮೆಂಟ್ ಮಾಡಿದ್ದು ಕೂಡ ಅವನೇ ಹೇಳಿದ. ಮರಕ್ಕೆ ಇಷ್ಟೆಲ್ಲ ಆಗಿ ಮಾಡಿಗೆ ಮಾತ್ರ ಬರೀ ಕಾಲಲ್ಲಿ ಹತ್ತುದು ಯಾವ ನ್ಯಾಯ ಅಂತ ನನಗೆ ಇನ್ನೂ ಅರ್ಥ ಆಗಲಿಲ್ಲ.

ಆಚಾರ್ರಿಗೆ ಇನ್ನೊಂದು ತಾಪತ್ರಯ ಲುಂಗಿಯದ್ದು. ತೊಡೆಯ ಪಟ್ಟಿ ಲುಂಗಿಯ ಮೇಲಿಂದ ಹಾಕ್ಲಿಕ್ಕೆ ಆಗುದಿಲ್ಲ, ಒಳಗಿಂದ ಹಾಕಿದ್ರೆ ಎಂತ ಆಗ್ತದೆ ಅಂತ ನಾನು ಬರೀಬೇಕಾಗಿಲ್ಲ. ಮಗನ ಹಳೇ ಪ್ಯಾಂಟ್ ತರಿಸಿ ಹಾಕಿದ್ರು. ಕಂಪೆನಿಯವರ ಪುಸ್ತಕದಲ್ಲಿ ಇಂಗ್ಲಿಷು, ಹಿಂದಿ, ಇನ್ನೆಂತೆಂತದೋ ಭಾಷೆ ಉಂಟು, ಕನ್ನಡ ಇಲ್ಲ, ಮಲಯಾಳವೂ ಇಲ್ಲ, ಲುಂಗಿಯ ವಿಷಯವಂತೂ ಯಾವ ಭಾಷೆಯಲ್ಲೂ ಇಲ್ಲ. ತೊಡೆಯ ಪಟ್ಟಿ ಬಿಗಿ ಮಾಡಿದ ಮೇಲೆ ಅದರೊಳಗೆ ಚಪ್ಪಟೆ ಅಂಗೈ ಹೋಗ್ಬೇಕು, ಮುಷ್ಟಿ ಹೋಗ್ಬಾರ್ದು, ಬೆನ್ನಿನ ರಿಂಗ್ ಎರಡು ಹೆಗಲಿನ ಎಲುಬುಗಳ ನಡುವೆ ಬರ್ಬೇಕು. ಸಡಿಲ ಹಾಕಿದ್ರೆ ಸುಖ, ಆದ್ರೆ ಎಳೆತ ಬಂದಾಗ ಜಾರಿ ಮೇಲೆ ಬಂದು ಕುತ್ತಿಗೆಗೆ ಸಿಕ್ಕಿಕೊಳ್ತದೆ.

ಬಳ್ಳಿ ಎಲ್ಲಿಗೆ ಕಟ್ಟುದು ಅನ್ನುವುದೇ ಇಡೀ ಕೆಲಸದಲ್ಲಿ ದೊಡ್ಡ ವಿಷಯ, ಮತ್ತೆ ಇದಕ್ಕೆ ಎಷ್ಟು ದುಡ್ಡು ಕೊಟ್ರೂ ಅಂಗಡಿಯಲ್ಲಿ ಸಿಕ್ಕುದಿಲ್ಲ. ಯುರೋಪಿನ ಲೆಕ್ಕದಲ್ಲಿ ಆಧಾರ 12 ಕಿಲೋನ್ಯೂಟನ್ ತಾಳ್ಬೇಕು, ಅಮೆರಿಕದವರು 5000 ಪೌಂಡ್ ಹೇಳ್ತಾರೆ, ಅಂದ್ರೆ ಎರಡು ಟನ್ನಿಗೂ ಮೇಲೆ. ನೀರಿನ ಟಾಂಕಿಯ ಪೈಪು, ಡಿಶ್ ಆಂಟೆನಾದ ಕಂಬ, ಕಿಟಕಿಯ ಸರಳು, ಮಾಡಿನ ರೀಪು (ಹಂಚು ಕೂರುವ ಸಪೂರ ಮರದ ಪಟ್ಟಿ), ಇದರಲ್ಲಿ ಯಾವುದೂ ಲೆಕ್ಕಕ್ಕಿಲ್ಲ. ರೀಪು ಗೆದ್ದಲು ತಿಂದು ಒಳಗೆ ಹುಡಿಯಾಗಿರ್ತದೆ, ಹೊರಗಿಂದ ಬಣ್ಣ ಮಾತ್ರ ನಿಂತಿರುದು. ಅಡಿಕೆ ಮರಕ್ಕೂ ನಾನು ಕಟ್ಟುದಿಲ್ಲ. ಅಂಗಳದಲ್ಲಿ ಹಲಸಿನ ಮರ ಇದ್ದ ಕಾರಣ ನಮಗೆ ಸುಲಭ ಆಯ್ತು, ಬುಡಕ್ಕೆ ಸುತ್ತು ಹಾಕಿ ಎಂಟರ ಗಂಟು ಹಾಕಿದ್ದು. ಮರ ಇಲ್ಲದ ಬದಿಯಲ್ಲಿ ಎರಡು ಹಂಚು ತೆಗೆದು ಒಳಗಿನ ದೊಡ್ಡ ತೊಲೆಗೇ ಪಟ್ಟಿ ಸುತ್ತಿದ್ರು ಆಚಾರ್ರು, ಯಾವ ತೊಲೆ ಗಟ್ಟಿ ಅಂತ ಅವರಿಗಿಂತ ಹೆಚ್ಚು ಬೇರೆ ಯಾರಿಗೆ ಗೊತ್ತಿರ್ತದೆ. ಜೀಪಿಗೆ ಕಟ್ಟುವ ಅಂತ ಭಾವನ ಸಲಹೆ ಬಂತು. ಮನೆಯಲ್ಲಿ ಯಾರಾದ್ರೂ ಹಾಲು ತರ್ಲಿಕ್ಕೆ ಅಂತ ಸ್ಟಾರ್ಟ್ ಮಾಡಿದ್ರೆ ಎಂತ ಕತೆ ಅಂತ ಕೇಳಿದೆ, ಸುಮ್ಮನಾದ.

ನೆತ್ತಿಯ ಮೇಲೆ ಬಳ್ಳಿ ಹಾದು ಹೋಗುವಲ್ಲಿ ಹಂಚಿನ ಅಂಚು ತಾಗಿ ಸವೀತದೆ, ಅಲ್ಲಿಗೆ ಗೋಣಿ ಮಡಚಿ ಅಥವಾ ಲಾರಿ ಟ್ಯೂಬ್ ಕತ್ತರಿಸಿ ಹಾಕಿ. ಮತ್ತೆ ಹಾರ್ಡ್‌ವೇರಿನ ಹಸಿರು ನೀಲಿ ಪ್ಲಾಸ್ಟಿಕ್ ಬಳ್ಳಿ ಬೇಡವೇ ಬೇಡ. ಬಿಸಿಲಿಗೆ ಅದರ ನೂಲು ಹುಡಿಯಾಗ್ತದೆ, ಅದಕ್ಕಿಂತ ಹೆಚ್ಚು, ರೋಪ್ ಗ್ರ್ಯಾಬ್ ಪ್ರತಿಯೊಂದಕ್ಕೂ ಇಂತಿಷ್ಟೇ ದಪ್ಪದ, ಇಂತದ್ದೇ ಬಳ್ಳಿ ಅಂತ ಬರ್ದಿರ್ತಾರೆ, ಬೇರೆಯದ್ದಕ್ಕೆ ಹಾಕಿದ್ರೆ ಕಚ್ಚುದಿಲ್ಲ, ಸರ್ರನೆ ಜಾರ್ತದೆ. ಗ್ರ್ಯಾಬಿನ ಮೈಮೇಲೆ ಬಾಣದ ಗುರ್ತು ಉಂಟು, ಅದು ಕಟ್ಟಿದ ಕಡೆಗೆ, ಅಂದ್ರೆ ಮೇಲಕ್ಕೆ ಮುಖ ಮಾಡಿರ್ಬೇಕು, ತಿರುಗಾಮುರುಗಾ ಹಾಕಿದ್ರೆ ಹಾಕದ ಹಾಗೇ. ಹತ್ತುವ ಮೊದಲು ಅಂಗಳದಲ್ಲೇ ನಿಂತು ಒಮ್ಮೆ ಜಗ್ಗಿ ನೋಡಿ, ಕಚ್ಚಿದ್ರೆ ಮಾತ್ರ ಮೇಲೆ ಹೋಗಿ. ಕೆಂಪು ಕಲ್ಲಿನ ಹುಡಿ ಹಲ್ಲಿಗೆ ತುಂಬಿದ್ರೆ ಕಚ್ಚುದು ನಿಧಾನ ಆಗ್ತದೆ, ಬ್ರಶ್ಶಿಂದ ತೆಗೀಬೇಕು. ಈ ಮಾಲಿಗೆ ನಾನು ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ಅದಕ್ಕೇ.

ಹಂಚಿನ ಮೇಲೆ ಕಾಲಿಡುದೂ ಒಂದು ವಿದ್ಯೆ, ಆಚಾರ್ರನ್ನು ನೋಡಿ ಕಲಿಬೇಕು. ಮೇಲಿನ ಹಂಚು ಕೆಳಗಿನ ಹಂಚಿನ ಮೇಲೆ ಕೂರುವ ಜಾಗದಲ್ಲಿ, ಅಂದ್ರೆ ಕೆಳಗೆ ರೀಪು ಇರುವಲ್ಲಿ ಮಾತ್ರ ಅವರ ಪಾದ ಬೀಳುದು, ಹಂಚಿನ ನಡುಹೊಟ್ಟೆಗೆ ತುಳಿಯುದೇ ಇಲ್ಲ. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಹಂಚಿನ ನಮೂನೆಯೇ ಇವತ್ತಿಗೂ ನಮ್ಮ ಮಾಡಿನ ಮೇಲೆ ಇರುದು, ಒಂದೊಂದು ಎರಡು ಮೂರು ಕಿಲೋ ತೂಗ್ತದೆ, ಹಾಗಾಗಿ ಜಾರಿ ಕೆಳಗೆ ನಿಂತವನ ತಲೆಗೆ ಬಿದ್ರೂ ಸಾಕು. ಕೆಳಗೆ ಮಕ್ಕಳು ಓಡಾಡದ ಹಾಗೆ ಒಂದು ಬಳ್ಳಿ ಅಡ್ಡ ಕಟ್ಟಿ.

ಶೀಟಿನ ಮಾಡು ಬೇರೆಯೇ ಭೂತ. ಸಿಮೆಂಟ್ ಶೀಟು ಹಳತಾದಷ್ಟೂ ಬಿರುಸಾಗಿ ನೋಡ್ಲಿಕ್ಕೆ ಗಟ್ಟಿ ಕಾಣ್ತದೆ, ಆದ್ರೆ ಮನುಷ್ಯನ ಭಾರಕ್ಕೆ ಎಚ್ಚರಿಕೆ ಕೊಡದೆ ಒಮ್ಮೆಲೇ ಒಡೀತದೆ. ಬೆಳಕಿಗೆ ಅಂತ ನಡುವೆ ಹಾಕಿದ ಫೈಬರ್ ಶೀಟು ಅದಕ್ಕಿಂತ ಮೋಸ, ಧೂಳು ಕೂತು ಪಾಚಿ ಬಂದ ಮೇಲೆ ಯಾವುದು ಸಿಮೆಂಟು ಯಾವುದು ಫೈಬರು ಅಂತ ಮೇಲಿಂದ ಗೊತ್ತೇ ಆಗುದಿಲ್ಲ. ಇಲ್ಲಿ ಬೀಳುದು ಅಂಚಿಂದ ಅಲ್ಲ, ನೇರ ತೂತಾಗಿ ಕೆಳಗೆ. ಬೋಲ್ಟಿನ ಸಾಲಿನ ಮೇಲೆ ನಡೆದ್ರಾಯ್ತು ಅಂತ ಹೇಳುವವರಿದ್ದಾರೆ, ಬೋಲ್ಟಿನ ಸಾಲು ನಾಲ್ಕು ಬೆರಳು ಅಗಲ, ಒಂದು ಹೆಜ್ಜೆ ತಪ್ಪಿದ್ರೆ ಮುಗೀತು. ಶೀಟಿನ ಕೆಳಗಿನ ಎರಡು ಮೂರು ಅಡ್ಡಪಟ್ಟಿಗೆ ತಾಗುವಷ್ಟು ಉದ್ದದ ದಪ್ಪ ಹಲಗೆ ಹಾಕಿ ಅದರ ಮೇಲೆ ಮಾತ್ರ ನಡೀಬೇಕು, ಹಲಗೆ ಎರಡು ಬೇಕು, ಒಂದರ ಮೇಲೆ ನಿಂತು ಇನ್ನೊಂದನ್ನು ಮುಂದೆ ಸರಿಸ್ಲಿಕ್ಕೆ. ನಮ್ಮ ಕೊಟ್ಟಿಗೆಗೆ ಅದನ್ನೂ ಮಾಡ್ಲಿಲ್ಲ, ಒಳಗಿಂದ ಏಣಿ ಇಟ್ಟು ಕೆಳಗಿಂದಲೇ ಶೀಟು ಬದಲಿಸಿದ್ದು, ಮೇಲೆ ಹತ್ತದೆ ಆಗುವ ಕೆಲಸಕ್ಕೆ ಹತ್ತುದು ಎಂತಕ್ಕೆ. ಹಳೇ ಸಿಮೆಂಟ್ ಶೀಟಲ್ಲಿರುವ ಆಸ್ಬೆಸ್ಟಾಸಿನ ಹುಡಿ ಶ್ವಾಸಕ್ಕೆ ಹೋದ್ರೆ ಕ್ಯಾನ್ಸರ್ ಬರುವ ಸಾಮಾನು, ಕಟ್ಟರ್ ಮೆಷಿನ್ ಹಿಡಿದು ಕೊಯ್ಯಬೇಡಿ.

ಏಣಿಯ ಬಗ್ಗೆ ಎರಡೇ ಮಾತು. ನಾಲ್ಕಡಿ ಎತ್ತರಕ್ಕೆ ಒಂದಡಿ ಹೊರಗೆ ಇಡಬೇಕು, ಮೇಲಿನ ತುದಿ ಮಾಡಿನ ಅಂಚಿಗಿಂತ ಮೂರಡಿ ಮೇಲೆ ನಿಲ್ಬೇಕು, ತುದಿಯನ್ನು ಕಟ್ಟಬೇಕು. ಮತ್ತೆ ಕೇರಳದ ಕರೆಂಟ್ ಬೋರ್ಡ್ ಕೆಎಸ್‌ಇಬಿ ವಯರ್ ಮನೆಗೆ ಬರುವ ಬದಿಯಲ್ಲಿ ಅಲ್ಯೂಮಿನಿಯಂ ಏಣಿ ತಗೊಂಡು ಹೋಗ್ಲೇಬೇಡಿ, ಕೆಲಸ ಅಲ್ಲೇ ಉಂಟಾದ್ರೆ 1912ಕ್ಕೆ ಫೋನ್ ಮಾಡಿ ಕೇಳಿ, ಲೈನ್ ಆಫ್ ಮಾಡಿ ಆದ ಮೇಲೆ ಹತ್ತಿ.

ಬೆಲ್ಟಲ್ಲಿ ಮನುಷ್ಯ ನೇತಾಡಿ ಉಳಿದ್ರೆ ಎಂತ ಮಾಡುದು ಅಂತ ಪುಸ್ತಕದಲ್ಲಿ ಒಂದೇ ಸಾಲು ಬರ್ದಿದ್ದಾರೆ, ಅದು ಸಾಲದು. ಅಲುಗಾಡದೆ ನೇತಾಡಿದ್ರೆ ತೊಡೆಯ ಪಟ್ಟಿ ಒತ್ತಿ ರಕ್ತ ಕಾಲಲ್ಲೇ ನಿಂತು ಪ್ರಜ್ಞೆ ಹೋಗ್ತದೆ, ಗಂಟೆಯ ಲೆಕ್ಕ ಅಲ್ಲ, ನಿಮಿಷದ ಲೆಕ್ಕ. ಹಾಗಾಗಿ ಬೆಲ್ಟ್ ಉಂಟು ಅಂತ ಒಬ್ಬನೇ ಹತ್ತುವ ಹಾಗಿಲ್ಲ, ಕೆಳಗೆ ಒಬ್ಬ, ಒಂದು ಏಣಿ, ಎರಡೂ ತಯಾರಿರ್ಬೇಕು, ಕೆಳಗಿನವ ಅಡಿಕೆ ಹೆಕ್ಕಲಿಕ್ಕೆ ತೋಟಕ್ಕೆ ಹೋಗ್ಬಾರ್ದು.

ಇನ್ನು ಇಟ್ಟುಕೊಳ್ಳುದು. ನಮ್ಮ ಕಡೆ ರಬ್ಬರ್ ಇದ್ದವರು ಇದನ್ನು ಗಮನಿಸಿ: ರಬ್ಬರ್ ಹಾಲು ಹೆಪ್ಪು ಹಾಕುವ ಆಸಿಡ್ ಉಂಟಲ್ಲ, ಫಾರ್ಮಿಕ್ ಆಸಿಡ್, ಅದು ನೈಲಾನನ್ನು ಕರಗಿಸುವ ಆಸಿಡ್. ಒಳ್ಳೇ ಬಳ್ಳಿಗಳಲ್ಲಿ ತುಂಬಾ ಇರುದು ನೈಲಾನಿನವೇ. ಆಸಿಡ್ ಕ್ಯಾನ್ ಇಡುವ ಶೆಡ್ಡಲ್ಲೇ ಬಳ್ಳಿಯನ್ನೂ ಬಿಸಾಡಿಟ್ರೆ ಹೊರಗಿಂದ ಎಂತದೂ ಕಾಣದೆ ಒಳಗೆ ಬಲ ಹೋಗಿರ್ಬಹುದು. ಅಡಿಕೆಗೆ ಬಿಡುವ ಬೋರ್ಡೋ ದ್ರಾವಣದ ಸುಣ್ಣದಿಂದಲೂ ದೂರ ಇಡಿ, ಬೆಲ್ಟಿನ ಪಾಲಿಸ್ಟರ್ ಪಟ್ಟಿಗೆ ಕ್ಷಾರ ಆಗುದಿಲ್ಲ. ಒದ್ದೆಯಾದ್ರೆ ನೆರಳಲ್ಲಿ ನೇತುಹಾಕಿ ಒಣಗಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಅಲ್ಲ. ಹಾಕುವ ಮೊದಲು ಪ್ರತಿ ಸಲ ಹೊಲಿಗೆ, ಪಟ್ಟಿಯ ಅಂಚು, ಬಕಲ್ ಕೈಯಲ್ಲಿ ಸವರಿ ನೋಡುದು, ಇಲಿ ಕಡಿದದ್ದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗ್ತದೆ. ಒಮ್ಮೆ ಜೋರಾಗಿ ಬಿದ್ದು ತಡೆದ ಬೆಲ್ಟನ್ನು ಮತ್ತೆ ಉಪಯೋಗಿಸುವ ಹಾಗಿಲ್ಲ, ಕತ್ತರಿಸಿ ಬಿಸಾಡಬೇಕು, ಇಡೀ ಇಟ್ರೆ ಯಾರಾದ್ರೂ ಹಾಕ್ತಾರೆ.

ಅಂಗಡಿಯ ಬಗ್ಗೆ, ಸಾಮಾನು ಉಂಟು, ವಿಷಯ ಗೊತ್ತಿದ್ದವರು ಇಲ್ಲ. ರೋಪ್ ಗ್ರ್ಯಾಬ್ ಕೇಳಿದ್ರೆ ಮೊದಲು ಪುಲ್ಲಿ ತಂದು ತೋರಿಸಿದ್ರು. ಬಿಲ್ ಕೊಟ್ರು, ಬದಲಿಸಿಯೂ ಕೊಟ್ರು, ಮಾತು ಒಳ್ಳೇದು. ನನ್ನ ಲೆಕ್ಕದಲ್ಲಿ ಬೆಲ್ಟಿಗೆ ನಾಲ್ಕು, ರೋಪ್ ಗ್ರ್ಯಾಬಿಗೆ ನಾಲ್ಕೂವರೆ, ಲ್ಯಾನ್ಯಾರ್ಡಿಗೆ ನಮ್ಮ ಮನೆಯ ಮಟ್ಟಿಗೆ ಒಂದು ಸ್ಟಾರ್, ಎರಡು ಮಹಡಿಯ ಮೇಲೆ ಟ್ರಸ್ ವರ್ಕ್ ಮಾಡುವವರು ಅದಕ್ಕೆ ಐದು ಕೊಡಬಹುದು. ಬೆಲ್ಟ್ ಒಂದನ್ನೇ ಬಿಡಿಯಾಗಿ ಕೇಳಿದ್ರೆ ಕೊಡ್ತಾರೆ, ಲ್ಯಾನ್ಯಾರ್ಡಿಗೆ ಹೋಗುವ ದುಡ್ಡು ಬಳ್ಳಿಗೆ ಹಾಕಿ. ಬಳ್ಳಿ ಮೀಟರ್ ಲೆಕ್ಕದಲ್ಲಿ ಸಿಕ್ತದೆ, ಹೋಗುವ ಮೊದಲು ಮಾಡಿನ ಎರಡೂ ಇಳಿಜಾರು, ಆಚೆ ಬದಿಯ ಮರದವರೆಗಿನ ದೂರ, ಗಂಟುಗಳಿಗೆ ಒಂದೆರಡು ಮೀಟರ್, ಎಲ್ಲ ಸೇರ್ಸಿ ಅಳೆದುಕೊಂಡು ಹೋಗಿ, ನಮ್ಮ ಮನೆಗೆ 30 ಮೀಟರ್ ಬೇಕಾಯ್ತು.